ಗಿನಿಪಿಗ್‌ಗಳ ಸೀನು

೧೮-೧೨-೨೦೦೬, ಸೋಮವಾರ, ಬ್ಯಾಡಗಿ

ಮೊಮ್ಮಗಳು ದೀಪಿಕಾಳ ಗಿನಿಪಿಗ್‌ಗಳೆರಡೂ ಮೂರು ದಿನದಿಂದ ಸೀನುತ್ತಿದ್ದವು. ಚಳಿಗೆಂದು ನಾನು ದಿನವೂ ಪಂಜರಕ್ಕೆ ಇನ್ನೊಂದು ಗೋಣಿಚೀಲ ಹೊದಿಸುತ್ತ ಬಂದೆ. ನಿನ್ನೆಯಿಂದ ಚಿಕ್ಕದು ಮೇವನ್ನೇ ಮುಟ್ಟಿರಲಿಲ್ಲ. ಉಳಿಯುವುದಿಲ್ಲವೆಂದೇ ಅಂದುಕೊಂಡೆ.

ಬೆಳಿಗ್ಗೆ ದೀಪಿಕಾ ಚೀಲ ಮೂಸಿ ತಾನೂ ಸೀನಿದಳು. "ಚಳಿ ಅಲ್ಲ ಆಯಿ, ಘಾಟು! ಇವು ಮೆಣಸಿನಕಾಯಿ ಚೀಲ ಅದಾವು."

"ನನಗ ಕಲಿಸಾಕ ಬರಬ್ಯಾಡ" ಎಂದು ಗದರಿದೆ. ನಲವತ್ತು ವರ್ಷದಿಂದ ಮೆಣಸಿನಕಾಯಿ ವ್ಯಾಪಾರದ ಮನೆಯಲ್ಲಿದ್ದು ಘಾಟಿಗೆ ಒಗ್ಗಿಹೋದ ನನ್ನ ಮೂಗಿಗೆ ಅದು ತಿಳಿದಿರಲಿಲ್ಲ.

ಆದರೂ ಅವಳು ಶಾಲೆಗೆ ಹೋದ ಮೇಲೆ ಚೀಲಗಳನ್ನು ನಾನೇ ಹೊರಗೆ ಹಾಕಿದೆ. ಹೊಸ ಹುಲ್ಲು ಹಾಸಿ, ಯಾರಿಗೂ ಕೊಡದ ನನ್ನ ಕೌದಿ ಹೊದಿಸಿದೆ.

ಸಂಜೆಯಿಂದ ಸೀನಿಲ್ಲ. ಈಗಷ್ಟೇ ಚಿಕ್ಕದು ನನ್ನ ಕೈಯಿಂದ ಗಜ್ಜರಿ ಕಡಿದು ತಿಂದಿತು.

ತಪ್ಪು ನನ್ನದೆಂದು ನಾಳೆ ದೀಪಿಕಾಳಿಗೆ ಹೇಳಬೇಕು. ಈ ಮನೆಯಲ್ಲಿ ನಾನು ಅಂಥ ಮಾತು ಆಡಿದ್ದೇ ಇಲ್ಲ. ಹೇಗೆ ಶುರು ಮಾಡಲಿ...