ಸಹಿಯ ಕೆಳಗೆ ಎಳೆಯದ ಗೆರೆ

ನನ್ನ ಸಾಹೇಬರೇ,

ನೀವು ಹೋಗಿ ಮೂರು ತಿಂಗಳಾಯಿತು. ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ನಿಮ್ಮ ಕುರ್ಚಿಯಲ್ಲಿ ಇನ್ನೂ ಯಾರೂ ಕೂರುತ್ತಿಲ್ಲ. ಹೊಸ ಅಧ್ಯಕ್ಷರು ಪಕ್ಕದಲ್ಲೇ ಬೇರೆಯದೊಂದು ಹಾಕಿಸಿಕೊಂಡಿದ್ದಾರೆ. ನೀವು ಶಾಸಕರಾದಾಗಿನಿಂದ ನಿಮ್ಮ ಪತ್ರಗಳನ್ನೆಲ್ಲ ಬರೆದವನು ನಾನು. ನಿಮಗೇ ಒಂದು ಬರೆಯಬೇಕಾದೀತು ಅಂದುಕೊಂಡಿರಲಿಲ್ಲ. ನೀವಿದ್ದಾಗಲೇ ಹೇಳಬೇಕಿದ್ದ ಮಾತೊಂದಿದೆ, ಹೇಳಲು ನನಗೆ ಧೈರ್ಯ ಬರಲಿಲ್ಲ.

ನೀವು ಮೊದಲ ಸಲ ಗೆದ್ದಾಗ ತಳಕಿನ ನಿಮ್ಮ ಮನೆ ಜಗುಲಿಯ ಮೇಲೆ ಬೆಳಿಗ್ಗೆ ಆರಕ್ಕೇ ಜನ. ಎಲ್ಲರಿಗೂ ಶಿಫಾರಸು ಪತ್ರ ಬೇಕು. ಇಲ್ಲ ಅನ್ನುವುದು ನಿಮ್ಮ ಜಾಯಮಾನದಲ್ಲೇ ಇರಲಿಲ್ಲ. ಅದಕ್ಕೊಂದು ಉಪಾಯ ಮಾಡಿದಿರಿ. ಸಹಿಯ ಕೆಳಗೆ ಗೆರೆ ಇದ್ದರೆ ಆ ಕೆಲಸ ಆಗಲೇಬೇಕು, ಗೆರೆ ಇಲ್ಲದಿದ್ದರೆ ಬಂದವರ ಸಮಾಧಾನಕ್ಕೆ ಕೊಟ್ಟದ್ದು. ಇದು ಅಧಿಕಾರಿಗಳಿಗೆ ಗೊತ್ತಿತ್ತು, ಜನಕ್ಕೆ ಗೊತ್ತಿರಲಿಲ್ಲ. ಗೆರೆಯಿಲ್ಲದ ಕಾಗದವನ್ನು ಎದೆಗೊತ್ತಿಕೊಂಡು ಹೋದವರು ಎಷ್ಟು ಮಂದಿಯೋ...

ಮೊಳಕಾಲ್ಮೂರಿನ ಆ ನೇಕಾರ ಬಂದ ದಿನ ನೆನಪಿದೆಯೇ? ಮಗಳು ಪದ್ಮಾವತಿಗೆ ಚಿತ್ರದುರ್ಗದಲ್ಲಿ ಹಾಸ್ಟೆಲ್ ಬೇಕಿತ್ತು. "ಮಾರ್ಕ್ಸು ಚೆನ್ನಾಗೈತ್ರಿ ಸಾರ್. ಹಾಸ್ಟೆಲ್ ಸಿಕ್ರೆ ಓದ್ತಾಳೆ, ಇಲ್ಲಾಂದ್ರೆ ಮಗ್ಗಕ್ಕೆ ಕೂರಿಸ್ಬೇಕು" ಅಂದ. ಜೀಪು ಹತ್ತುವ ಗಡಿಬಿಡಿಯಲ್ಲಿ ಬಾನೆಟ್ ಮೇಲಿಟ್ಟು ಸಹಿ ಹಾಕಿದಿರಿ. ಅಷ್ಟಕ್ಕೇ ಪೆನ್ನು ಕೈಕೊಟ್ಟಿತು. ನನ್ನ ಕಿವಿಗೆ ಬಗ್ಗಿ, "ಲೇ ತಿಪ್ಪೇಶ, ಗೆರೆ ನೀನೇ ಎಳ್ದು ಕೊಡಲೇ" ಎಂದು ಹೇಳಿ ಹೊರಟುಹೋದಿರಿ.

ನಾನು ಎಳೆಯಲಿಲ್ಲ.

ಚುನಾವಣೆಯಲ್ಲಿ ಅವನು ಎದುರು ಪಕ್ಷದ ಬಾವುಟ ಹಿಡಿದು ನಮ್ಮ ಜೀಪಿನ ಮುಂದೆ ಕುಣಿದಿದ್ದ. ನೀವು ಅದನ್ನು ಮರೆತಿದ್ದಿರಿ, ನಾನು ಮರೆತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ. ಕಾಗದ ಮಡಚಿ ಕೊಟ್ಟೆ. ಅವನು ನನಗೂ ಕೈಮುಗಿದು ಹೋದ.

ಆರೇಳು ವರ್ಷದ ಮೇಲೆ ನಿಮ್ಮ ಮಗಳ ಮದುವೆಗೆ ಸೀರೆ ತರಲು ಆ ನೇಕಾರನ ಮನೆಗೇ ಹೋದೆವು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವಳು ಪದ್ಮಾವತಿ. "ಓದ್ಲಿಲ್ವೇನಮ್ಮಾ?" ಎಂದಿರಿ. "ಲೇದು ಸಾರ್, ಹಾಸ್ಟೆಲ್ ಆಗ್ಲಿಲ್ಲ" ಎಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿ, ತಲೆಯೆತ್ತದೆ ಲಾಳಿ ಎಸೆದಳು. ವಾಪಸು ಬರುವಾಗ ತಳಕಿನ ಹತ್ತಿರ, "ಗೆರೆ ಎಳಿಯಾಕೆ ನಿಂಗೆ ಹೇಳಿದ್ದೆನೇನಲೇ, ಇಲ್ಲಾ ಮರ್ತೆನೋ?" ಎಂದು ಕೇಳಿದಿರಿ. ನಾನು ಕಿಟಕಿಯಾಚೆಯ ಶೇಂಗಾ ಹೊಲ ನೋಡುತ್ತ, "ಹೇಳಿದ್ದು ನೆನಪಿಲ್ಲ ಸಾರ್" ಅಂದೆ.

ಸೋತ ಮೇಲೆ ಕಾಲೇಜಿನ ಅಧ್ಯಕ್ಷರಾದಿರಿ. ಮೊದಲ ದಿನವೇ, "ಇಲ್ಲಿ ಪತ್ರ ಗಿತ್ರ ನಡಿಯಂಗಿಲ್ಲ. ಬಾಗಿಲಿಗೆ ಬಂದ ಮಗು ಒಳಗೆ ಬರ್ಬೇಕು" ಅಂದಿರಿ. ಪ್ರವೇಶದ ದಿನಗಳಲ್ಲಿ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು, "ಹಾಸ್ಟೆಲ್ ಆಯ್ತೇನವ್ವಾ?" ಎಂದು ಒಬ್ಬೊಬ್ಬ ಹುಡುಗಿಯನ್ನೂ ಕೇಳುತ್ತಿದ್ದಿರಿ. ಜನ ಅದನ್ನು ನಿಮ್ಮ ದೊಡ್ಡತನ ಅಂದರು. ಅದು ನಿಮ್ಮ ಸಂಕಟ ಎಂದು ಗೊತ್ತಿದ್ದವನು ನಾನೊಬ್ಬನೇ. ಆಸ್ಪತ್ರೆಯಲ್ಲಿ ಕೊನೆಗೂ ಅದೇ ಮಾತು: "ಆ ಹುಡುಗಿ ಓದು ನಾನೇ ಕೆಡಿಸ್ದೆ ಕಣಲೇ." ಆಗಲಾದರೂ ಹೇಳಬಾರದಿತ್ತೇ? ಮೋಸಂಬಿ ರಸ ಕುಡಿಸಿ ಹೊರಗೆ ಬಂದು ಅತ್ತೆ.

ಮೊನ್ನೆ ಮೊಳಕಾಲ್ಮೂರಿಗೆ ಹೋಗಿ ಪದ್ಮಾವತಿಗೆ ಎಲ್ಲ ಹೇಳಿಬಂದೆ. ಮಗ್ಗ ನಿಲ್ಲಿಸಿದಳು. ಬಯ್ಯಲಿಲ್ಲ, ಹೋಗಲಿ ಬಿಡಿ ಅಂತಲೂ ಅನ್ನಲಿಲ್ಲ.

"ಸಾರ್‌ಗೆ ಹೇಳಿದ್ರಾ?"

"ಇಲ್ಲಮ್ಮಾ."

"ಅಯ್ಯೋ ಪಾಪಂ! ತಾನೇ ಮರ್ತೆ ಅಂದ್ಕಂಡೇ ಹೋದ್ರಾ? ಮೊದ್ಲು ಅವ್ರಿಗೆ ಹೇಳ್ರಿ. ನಂದು ಆಮೇಲೆ ನೋಡಾನ."

ಅದಕ್ಕೇ ಬರೆಯುತ್ತಿದ್ದೇನೆ. ನೀವು ಮರೆತಿರಲಿಲ್ಲ ಸಾಹೇಬರೇ. ನೀವು ಹೇಳಿದಿರಿ, ನನಗೆ ಚೆನ್ನಾಗಿ ಕೇಳಿಸಿತ್ತು. ಈ ಪತ್ರಕ್ಕೆ ಸಹಿ ಹಾಕಿ ಕೆಳಗೆ ಗೆರೆ ಎಳೆದಿದ್ದೇನೆ.

ನಿಮ್ಮ
ತಿಪ್ಪೇಶ