ನಮ್ಮ ಗಾಳಿ, ಅವರ ಹಸಿರು

ಪ್ರೀತಿಯ ಥೋರ್ಕಿಲ್,

ನಮ್ಮ ಗಾಳಿಯಂತ್ರ ಸಂಘದ ಮೊನ್ನೆಯ ಸಭೆಯಲ್ಲಿ ನಿನ್ನ ಕುರ್ಚಿ ಖಾಲಿಯಿತ್ತು. ಆದರೂ ಗೆದ್ದದ್ದು ನಿನ್ನ ಮತವೇ. ಸೊಂಟದ ಆಪರೇಶನ್ ಆಗಿ ಆರ್ಹುಸ್‌ನಲ್ಲಿ ಮಗಳ ಮನೆಯಲ್ಲಿರುವ ನೀನು ಫೋನಿನಲ್ಲಿ "ಆಗಲಿ" ಎಂದದ್ದನ್ನು ಅಧ್ಯಕ್ಷ ವೀಗೊ ಎಲ್ಲರಿಗೂ ಕೇಳುವಂತೆ ಹೇಳಿದ. ಒಂದೇ ಮತದ ಅಂತರ. ನಮ್ಮ ಗಾಳಿಯಂತ್ರದ ವಿದ್ಯುತ್ತೆಲ್ಲ ಇನ್ನು ಹದಿನೈದು ವರ್ಷ ಹೆದ್ದಾರಿಯಾಚೆಯ ಕಿಟಕಿಯಿಲ್ಲದ ಆ ಕಟ್ಟಡಕ್ಕೆ, ಜಗತ್ತಿನವರ ಫೋಟೊ ವಿಡಿಯೊಗಳನ್ನು ಕೂಡಿಡುವ ಕಂಪ್ಯೂಟರುಗಳಿಗೆ. ಮನೆಗಳನ್ನು ಬೆಚ್ಚಗಿಡಲು ಊರಿಗೆಲ್ಲ ಬಿಸಿನೀರು ಹರಿಸುವ ನಮ್ಮ ಸ್ಥಾವರಕ್ಕೆ ಮತ್ತದೇ ಗ್ಯಾಸು.

ಎಪ್ಪತ್ತಮೂರರಲ್ಲಿ ಪೆಟ್ರೋಲು, ಎಣ್ಣೆ ಸಿಗದ ಆ ಚಳಿಗಾಲ ನೆನಪಿದೆಯೇ? ಭಾನುವಾರ ಕಾರು ಓಡಿಸಬಾರದೆಂದು ಸರ್ಕಾರ ಹೇಳಿದಾಗ ಹೆದ್ದಾರಿಯ ನಟ್ಟನಡುವೆ ಸೈಕಲ್ ಹೊಡೆದೆವು. "ಇನ್ನೊಬ್ಬರ ಎಣ್ಣೆಗೆ ಬಾಯಿ ಬಿಡೋದು ಸಾಕು ಕಣೇ ಗೆರ್ಡಾ, ನಮ್ಮಲ್ಲಿ ಗಾಳಿಗೇನು ಬರ?" ಎಂದವನು ನೀನು. ಮುಂದೆ ನಿನ್ನ ಕೊಟ್ಟಿಗೆಯಲ್ಲೇ ಮೊದಲ ರೆಕ್ಕೆಗಳಿಗೆ ಅಂಟು ಬಳಿದೆವು; ಆ ವಾಸನೆಗೆ ನಿನ್ನ ಹಸುಗಳು ಮುನಿಸಿಕೊಂಡು ಹಾಲನ್ನೇ ಬಿಡಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಯಂತ್ರ ಕಾಣುವವರಷ್ಟೇ ಪಾಲುದಾರರಾಗಬೇಕು, ಸದ್ದು ಕೇಳುವವರಿಗೇ ಸುಖವೂ ಸಿಗಲಿ ಎಂದು ನಿಯಮ ಮಾಡಿದವನೂ ನೀನೇ. ಹಳೆಯ ಯಂತ್ರ ಇಳಿಸಿ ದೊಡ್ಡದನ್ನು ನಿಲ್ಲಿಸಿದಾಗಲೂ ಆ ನಿಯಮ ಬಿಡಲಿಲ್ಲ.

ಆ ಕಟ್ಟಡದ ಕಂಪನಿಯ ಪರವಾಗಿ ಸಭೆಗೆ ಬಂದಿದ್ದ ಹುಡುಗಿ ಸಭ್ಯಳೇ. "ನಮ್ಮದು ಸಂಪೂರ್ಣ ಹಸಿರು, ಹೊಗೆಯೇ ಇಲ್ಲ" ಎಂದಳು. ಅವರಲ್ಲಿ ಇಲ್ಲದ ಹೊಗೆ ಎಲ್ಲಿಗೆ ಹೋಯಿತು? ನಮ್ಮ ಚಿಮಣಿಗೆ ಬಂತು. ಗಾಳಿಯ ವಿದ್ಯುತ್ತಿನಿಂದಲೇ ಊರಿನ ನೀರು ಕಾಯಿಸಿ, ಗ್ಯಾಸ್ ಬಾಯ್ಲರಿಗೆ ಬೀಗ ಹಾಕುವ ನಮ್ಮ ಯೋಜನೆ ಮೂಲೆಗೆ ಬಿತ್ತು. ಆಗ ಬೇಕರಿಯ ಬೋದಿಲ್ ಎದ್ದಳು: "ಅಂದ್ರೆ ನನ್ನ ಬೆಕ್ಕಿನ ಫೋಟೊ ಗಾಳೀಲಿ ಬೆಚ್ಚಗಿರುತ್ತೆ, ಬೆಕ್ಕು ಮಾತ್ರ ಗ್ಯಾಸಲ್ಲಿ ಮೈ ಕಾಯಿಸ್ಕೋಬೇಕು. ಅಷ್ಟೇ ತಾನೆ?" ಸಭೆಗೆ ಸಭೆಯೇ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಆಮೇಲೆ ಕಂಪನಿಯ ಪರ ಕೈ ಎತ್ತಿದರು. ಆಮೇಲೆ ಕಾಫಿ, ಚೀಸ್ ಇಟ್ಟ ಬನ್ನು, ಒಂದು ಹಾಡು, ಎಲ್ಲ ಎಂದಿನಂತೆ. ನನಗೆ ಹಾಡಲಾಗಲಿಲ್ಲ.

ಮರುದಿನ ಫೋನ್ ಮಾಡಿದರೆ ನೀನು, "ಗಾಳಿ ಗಾಳಿನೇ ಕಣೇ, ಯಾರ ಮನೆಗೆ ಹೋದ್ರೇನು? ಕಂಪ್ಯೂಟರಿಂದ ಕಾಗದ ಉಳಿಯುತ್ತೆ, ಓಡಾಟ ಉಳಿಯುತ್ತೆ. ರಿಟೈರ್ ಆದ್ರೂ ನಿನ್ನ ಟೀಚರ್ ಬುದ್ಧಿ ಹೋಗ್ಲಿಲ್ಲ ನೋಡು" ಎಂದೆ. "ಮನೆ ಹಸುವಿನ ಹಾಲು ಮಾರಿ ಕೂಸಿಗೆ ಪುಡಿಹಾಲು ಕುಡಿಸಿದ ಹಾಗಾಯ್ತಲ್ಲೋ" ಎಂದು ನಾನು ಫೋನಿಟ್ಟೆ.

ಕಾಗದ ಉಳಿಯಿತು, ನಿಜ. ಉಳಿದದ್ದನ್ನು ಉಳಿಯಲು ಬಿಟ್ಟೆವೇ? ಯಾರೂ ಮತ್ತೆ ನೋಡದ ವಿಡಿಯೊಗಳನ್ನು ಕಾಯಲು ಹಗಲಿರುಳು ವಿದ್ಯುತ್ ಸುಡುತ್ತಿದ್ದೇವೆ. ಡೆನ್ಮಾರ್ಕಿನ ಹೊಗೆ ಇಳಿದಿದೆ ಎಂದು ಮಂತ್ರಿಗಳು ಎದೆ ತಟ್ಟಿಕೊಳ್ಳುತ್ತಾರೆ. ನಮ್ಮ ಫೋನು, ಕಂಪ್ಯೂಟರು ತಯಾರಾಗುವ ದೂರದ ಊರುಗಳ ಹೊಗೆಯನ್ನು ನಮ್ಮ ಹೆಸರಿಗೆ ಯಾರೂ ಬರೆದುಕೊಳ್ಳುವುದಿಲ್ಲ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎನ್ನುವಷ್ಟು ಶ್ರೀಮಂತರಾಗಿಬಿಟ್ಟೆವು.

ನಮ್ಮ ಸಂಘದ ಕಟ್ಟಳೆ ನಿನಗೆ ಗೊತ್ತು: ಇಂಥ ನಿರ್ಧಾರ ಎರಡು ಸಭೆಗಳಲ್ಲಿ ಗೆಲ್ಲಬೇಕು. ಎರಡನೆಯದು ಬರುವ ಗುರುವಾರ. ನಾವು ತಡೆದರೂ ಆ ಕಟ್ಟಡ ಹಸಿದು ಕೂರುವುದಿಲ್ಲ, ಇನ್ನೊಂದು ಊರಿನ ಬಾಗಿಲು ತಟ್ಟುತ್ತದೆ. ತಡೆಯುತ್ತೇವೆಂಬ ನಂಬಿಕೆಯೂ ನನಗೆ ಹೆಚ್ಚಿಲ್ಲ. ಆದರೆ ಈ ಸಲ ಫೋನು ಬೇಡ. ಊರುಗೋಲು ಊರಿಕೊಂಡಾದರೂ ಬಾ, ರೈಲು ನಿಲ್ದಾಣಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನಮ್ಮ ನಡುವೆ ಕೂತು, ನಮ್ಮೆಲ್ಲರ ಮುಖ ನೋಡಿಕೊಂಡು, ಎತ್ತುವುದೇ ಆದರೆ ಕೈ ಎತ್ತು.

ನಿನ್ನ ಸೊಂಟ ಬೇಗ ಗಟ್ಟಿಯಾಗಲಿ. ಮೊಮ್ಮಕ್ಕಳು ಬೆಚ್ಚಗಿರಲಿ.

ನಿನ್ನ ಮೇಲೆ ಸಿಟ್ಟಿದ್ದರೂ ಸ್ನೇಹ ಬಿಡಲಾರದ,
ಗೆರ್ಡಾ