ಕಟ್ಟಿದವನೇ ಬಿಚ್ಚಲಿ

ಗಾಳಿಓಣಿ, ಕಪ್ಪತಗುಡ್ಡ
ಗಾಳಿಶಕ ೨೧೪, ಎರಡನೆಯ ಆಷಾಢದ ಮೂವತ್ತಮೂರನೆಯ ದಿನ

ತಗಡು ಹೊತ್ತ ಬಾಗಿಲಿನ ತಾಯಿಗೆ ಫಕೀರವ್ವನ ಶರಣು.

ತಿಂಗಳಿಗೆ ಮೂವತ್ತಮೂರು ದಿನ ಎಲ್ಲಿಂದ ಬಂದವು ಎಂದು ಕೇಳಬೇಡಿ. ಹೇಳಲು ಹೊರಟರೆ ಕಾಗದವೆಲ್ಲ ಅದಕ್ಕೇ ಮುಗಿಯುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕಳೆದುಹೋದ ಕಾಲದವರಿಗೆ ಬರೆದ ಓಲೆಗಳನ್ನು ನಾವು ಹಿಂಗಾಳಿ ಪೆಟ್ಟಿಗೆ ಎಂಬುದರಲ್ಲಿ ಹಾಕುತ್ತೇವೆ. ಅವು ತಲುಪುತ್ತವೆಯೋ ಇಲ್ಲವೋ ಯಾರೂ ಕಂಡಿಲ್ಲ. ಆದರೂ ಹಾಕುತ್ತೇವೆ.

ಹೋದ ತಿಂಗಳು ನಮ್ಮ ಓಣಿಯಲ್ಲಿ ಪಾಯ ತೋಡುವಾಗ ಒಂದು ಸ್ಟೀಲಿನ ಡಬ್ಬಿ ಸಿಕ್ಕಿತು. ಅದರೊಳಗೆ ಅಂಗೈ ಅಗಲದ ತಗಡು, ಬಾಗಿಲಿಗೆ ಜಡಿಯಲು ನಾಲ್ಕು ಮೂಲೆಗೂ ತೂತು. ಹುಡುಗನೊಬ್ಬನ ಸೊಟ್ಟ ಅಕ್ಷರದಲ್ಲಿ, ‘ಯಾರೂ ಒಳಗೆ ಬರಬಾರದು. ಅಮ್ಮನಂತೂ ಬರಲೇಬಾರದು’ ಎಂದು ಬರೆದಿತ್ತು. ಓಣಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಆ ಬಾಗಿಲಿನ ಹೊರಗೆ ನಿಂತ ನೀವು ಕಂಡಿರಿ. ನಿಮಗೊಂದು ಕಥೆ ಹೇಳಬೇಕೆನಿಸಿತು.

ಇಲ್ಲಿ ನಮ್ಮ ಬದುಕೆಲ್ಲ ಗಾಳಿಯದು. ಗುಡ್ಡದ ಬೆನ್ನಿನ ಮೇಲೆ ಗಾಳಿಕಂಬಗಳಿವೆ. ಅವುಗಳ ರೆಕ್ಕೆಗೆ ಕೂತ ಕೆಂಪು ಧೂಳನ್ನು ಹಗ್ಗಕ್ಕೆ ಜೋತುಬಿದ್ದು ತೊಳೆಯುವುದು ನಮ್ಮ ಕಸುಬು. ಕುಡಿಯುವ ನೀರನ್ನು ಮಂಜುಬಲೆ ಕೊಡುತ್ತದೆ. ಮನೆಯ ಮುಂದೆ ಬಲೆ ಕಟ್ಟಿದರೆ ಬೆಳಗಿನ ಮಂಜು ಅದರಲ್ಲಿ ಸಿಕ್ಕಿ ಹನಿಹನಿಯಾಗಿ ಕೊಡಕ್ಕೆ ಇಳಿಯುತ್ತದೆ. ಹಗ್ಗದ ಮೇಲೆ ಬದುಕುವವರಾದ್ದರಿಂದ ನಮಗೆ ಗಂಟುಧರ್ಮ ಎಂಬುದೊಂದಿದೆ. ಕಂಬದ ಹಗ್ಗದ ಗಂಟನ್ನು ಕಟ್ಟಿದವನೇ ಬಿಚ್ಚಬೇಕು. ಅನುಮಾನ ಬಂದರೆ ಅವನನ್ನು ಕರೆದು ತೋರಿಸಬೇಕೇ ಹೊರತು ಬೇರೆಯವರು ಕೈ ಹಚ್ಚುವಂತಿಲ್ಲ. ಹಚ್ಚಿದರೆ, ನಿನ್ನ ಕೈಯನ್ನು ನಂಬುವುದಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ.

ನನ್ನ ನೆರೆಮನೆಯ ಗುರುಸಿದ್ದವ್ವ ಕಂಬ ಹತ್ತುವ ತಂಡದ ಹಿರಿಯಳು. ಅವಳಷ್ಟು ಗಟ್ಟಿ ಹೆಣ್ಣನ್ನು ನಾನು ಕಂಡಿಲ್ಲ. ಅವಳ ಮಗ ಅಡಿವೆಪ್ಪನಿಗೆ ಹದಿನಾರು. ಅವನೂ ಅವಳಷ್ಟೇ ಗಟ್ಟಿ. ತೊಂದರೆ ಇದ್ದದ್ದೇ ಅಲ್ಲಿ. ಎರಡು ವರ್ಷದಿಂದ ಆ ಮನೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಅವನು ಮೊದಲ ಸಲ ಕಂಬ ಹತ್ತುವ ದಿನ, ಹನ್ನೊಂದು ಜನ ಜೊತೆಗಾರರ ಎದುರು ತನ್ನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಗುರುಸಿದ್ದವ್ವ ಬಂದವಳೇ ಒಂದು ಮಾತೂ ಆಡದೆ ಆ ಗಂಟು ಬಿಚ್ಚಿ ತಾನೇ ಕಟ್ಟಿದಳು. ಅವಳ ತಮ್ಮ ಸಡಿಲ ಗಂಟಿನಿಂದಲೇ ಬಿದ್ದು ಸತ್ತಿದ್ದ. ಇದು ಎಲ್ಲರಿಗೂ ಗೊತ್ತು. ಆದರೆ ಜೊತೆಗಾರರು ಹುಡುಗನಿಗೆ ‘ಅವ್ವನ ಗಂಟಿನ ಕೂಸು’ ಎಂದು ಹೆಸರಿಟ್ಟರು. ಹದಿನಾರರ ಮರ್ಯಾದೆ ಎಂಥದ್ದೆಂದು ನಿಮಗೆ ಹೇಳಬೇಕಿಲ್ಲ.

ಮರುದಿನ ಬೆಳಿಗ್ಗೆ ಅವನು ಹಾಸಿಗೆ ಹೊತ್ತುಕೊಂಡು ನನ್ನ ಮನೆಗೆ ಬಂದ. “ಅತ್ತಿ, ನಲವತ್ತ ದಿನ ಇಲ್ಲೇ ಇರ್ತೀನಿ. ಆಮ್ಯಾಲೆ ನೋಡೂಣು,” ಎಂದ. ಇದು ನಮ್ಮಲ್ಲಿರುವ ಎರಡನೇ ಮನೆಯ ಪದ್ಧತಿ. ಹೆತ್ತವರೊಡನೆ ಹೊಂದದ ಮಕ್ಕಳು ಓಣಿಯ ಇನ್ನೊಂದು ಮನೆಯಲ್ಲಿ ನಲವತ್ತು ದಿನ ಇರಬಹುದು. ನಲವತ್ತನೆಯ ದಿನ ಬೇಕೆಂದರೆ ಮನೆಪಲ್ಲಟದ ಓಲೆಗೆ ಹೆಬ್ಬೆಟ್ಟೊತ್ತಿ ಶಾಶ್ವತವಾಗಿ ಆ ಮನೆಯವರಾಗಬಹುದು. ಅಲ್ಲಿಯವರೆಗೆ ತಾಯಿ ಬಂದು ನೋಡುವಂತಿಲ್ಲ, ಮಗನ ಸುದ್ದಿ ಕೇಳುವಂತಿಲ್ಲ. ದಿನಕ್ಕೊಂದು ರೊಟ್ಟಿಗಂಟು ಮಾತ್ರ ಕಳಿಸಬಹುದು.

ಗುರುಸಿದ್ದವ್ವ ಒಂದು ದಿನವೂ ತಪ್ಪಿಸಲಿಲ್ಲ. ಸಜ್ಜೆರೊಟ್ಟಿ, ಶೇಂಗಾಚಟ್ನಿ, ಅದರ ಮೇಲೆ ಅವಳದೇ ಬಿಗಿ ಗಂಟು. ಹುಡುಗ ಅದನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು, ಬಿಚ್ಚದೆ ನನ್ನ ಕೈಗಿಡುತ್ತಿದ್ದ. ಮರಳಿಸುವ ಪಾಪದ ಕೆಲಸ ನನ್ನದು. ಅವಳು ಗಂಟು ಇಸಿದುಕೊಂಡು, ಬೇರೆಲ್ಲೋ ನೋಡುತ್ತ ಕೇಳುತ್ತಿದ್ದಳು: “ಫಕೀರವ್ವಾ, ನಿಮ್ಮ ಮಂಜುಬಲಿ ಹೆಂಗ ಐತಿ?”

ನಾನೇನು ದಡ್ಡಿಯೇ? “ಬಲಿ ಚಲೋ ಐತಿ ಬಿಡವ್ವಾ. ನಿನ್ನೆ ಎರಡ ಸಲ ನೀಡಿಸ್ಕೊಂಡು ಉಣ್ತು,” ಎನ್ನುತ್ತಿದ್ದೆ.

“ಕೆಮ್ಮೇನರ ಐತೇನು ಬಲಿಗೆ?”

“ಕೆಮ್ಮಿಲ್ಲ. ಸಿಟ್ಟೊಂದ ಇಳಿದಿಲ್ಲ.”

ಹೀಗೆ ಮೂವತ್ತೇಳು ದಿನ ನಡೆಯಿತು. ಪದ್ಧತಿಗೆ ಪದ್ಧತಿಯೂ ಉಳಿಯಿತು, ಹೆತ್ತ ಕರುಳೂ ಉಳಿಯಿತು. ಹುಡುಗನನ್ನೂ ಮೆಚ್ಚಲೇಬೇಕು. ನನ್ನ ಹರಿದ ಬಲೆಯನ್ನು ಹೊಲಿದ, ತನ್ನ ತಟ್ಟೆ ತಾನೇ ತೊಳೆದ, ತಾಯಿಯ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಅವನು ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಬೈಯದೆ ಹೋಗುವವರು ತಿರುಗಿ ಬರುವುದು ಕಷ್ಟ.

ಮೂವತ್ತೆಂಟನೆಯ ದಿನ ನನಗೆ ತಡೆಯಲಾಗಲಿಲ್ಲ. “ಅವತ್ತ ಕಂಬದಾಗ ತಾ ಕಟ್ಟಿದ್ದ ಗಂಟು ಬಿಗಿನ ಇತ್ತು ಅಂತೈತಿ ನಮ್ಮ ಬಲಿ,” ಎಂದುಬಿಟ್ಟೆ.

ಗುರುಸಿದ್ದವ್ವ ಹೊಸ್ತಿಲ ಮೇಲೆ ಕೂತಳು. “ಬಿಗಿನ ಇತ್ತು. ನನಗ ಆವಾಗೂ ಗೊತ್ತಿತ್ತು. ಕೈ ಕೇಳ್ಲಿಲ್ಲ, ಫಕೀರವ್ವಾ,” ಎಂದು ಅತ್ತಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಅವಳ ಮಾತನ್ನು ಮಗನಿಗೆ ಮುಟ್ಟಿಸಬಾರದೆಂದು ಪದ್ಧತಿ ಹೇಳುತ್ತದೆ. ನಾನು ಮುಟ್ಟಿಸಲಿಲ್ಲ. ಮನೆಗೆ ಬಂದು ಮಂಜುಬಲೆಯ ಎದುರು ನಿಂತು ಅದಕ್ಕೇ ಎಲ್ಲ ಹೇಳಿದೆ, ಸ್ವಲ್ಪ ಜೋರಾಗಿಯೇ. ಹುಡುಗ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ.

ಮರುದಿನ ಎಲ್ಲರೂ ಕಂಬದ ಬುಡದಲ್ಲಿ ಸೇರಿದ್ದೆವು. ಅರವತ್ತು ಮಾರು ಎತ್ತರದ ರೆಕ್ಕೆ; ಅಂದಿನ ಇಳಿತ, ಅಂದರೆ ಹಗ್ಗಕ್ಕೆ ಜೋತು ರೆಕ್ಕೆ ತೊಳೆಯುವ ಸರದಿ, ಗುರುಸಿದ್ದವ್ವನದು. ಕಂಬದ ಬುಡದಲ್ಲಿ ಕೆಲಸದ ಮಾತಿಗೆ ಪದ್ಧತಿಯ ಅಡ್ಡಿಯಿಲ್ಲ. ಅವಳು ನೇರವಾಗಿ ಮಗನ ಎದುರು ಹೋಗಿ ನಿಂತಳು. “ಅಡಿವೆಪ್ಪ, ಇವತ್ತ ನನ್ನ ಹಗ್ಗ ನೀ ಕಟ್ಟು,” ಎಂದು ಮುಖವನ್ನು ಗುಡ್ಡದ ಕಡೆ ತಿರುಗಿಸಿಕೊಂಡಳು.

“ನೋಡಂಗಿಲ್ಲೇನು?” ಎಂದ ಹುಡುಗ.

“ಕಟ್ಟಾಂವ ನೀ ಇದ್ದೀಯಲ್ಲ. ನಾ ಯಾಕ ನೋಡ್ಲಿ?”

ಅವಳು ಎರಡೂ ಕೈಗಳನ್ನು ಸೊಂಟದಿಂದ ದೂರ ಎತ್ತಿ ಹಿಡಿದಳು. ಮೂವತ್ತು ವರ್ಷ ತನ್ನ ಗಂಟು ತಾನೇ ಕಟ್ಟಿಕೊಂಡ ಕೈಗಳು ಅವು. ಹುಡುಗ ಕಟ್ಟಿದ. ಒಳ್ಳೆಯ ಗಂಟು, ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಅವನು ಅದನ್ನು ನೋಡಿದ, ತಾಯಿಯ ಬೆನ್ನು ನೋಡಿದ, ಕಂಬದ ತುದಿ ನೋಡಿದ. ತನ್ನ ಗಂಟನ್ನು ತಾನೇ ಬಿಚ್ಚಿ ಮತ್ತೆ ಕಟ್ಟಿದ. ಮತ್ತೊಮ್ಮೆ ಬಿಚ್ಚಿದ, ಮತ್ತೊಮ್ಮೆ ಕಟ್ಟಿದ. ಜೊತೆಗಾರರಲ್ಲಿ ಒಬ್ಬರೂ ನಗಲಿಲ್ಲ. ಮಧ್ಯಾಹ್ನ ಅವಳು ಇಳಿದು ಬಂದಾಗ, ಆ ಗಂಟು ಬಿಚ್ಚುತ್ತ ಅವನು ಹೇಳಿದ್ದು ಇಷ್ಟೇ: “ಅವ್ವಾ, ನನ್ನ ಕೈನೂ ಕೇಳ್ಲಿಲ್ಲ.”

ನಲವತ್ತನೆಯ ದಿನ ರೊಟ್ಟಿಗಂಟು ಬಂತು. ಹುಡುಗ ನನ್ನ ಅಂಗಳದಲ್ಲೇ ಕೂತು ಅದನ್ನು ಬಿಚ್ಚಿ, ನನಗೊಂದು ಚೂರೂ ಉಳಿಸದೆ ತಿಂದು, ಹಾಸಿಗೆ ಹೊತ್ತು ಮನೆಗೆ ಹೋದ. ಮೂರನೆಯ ದಿನಕ್ಕೇ ಮತ್ತೆ ಆ ಮನೆಯಿಂದ ಜಗಳದ ಸದ್ದು ಕೇಳಿ ನನಗೆ ನೆಮ್ಮದಿಯಾಯಿತು.

ತಾಯೀ, ನಿಮಗೆ ಎರಡನೇ ಮನೆ ಇಲ್ಲ, ಗಂಟುಧರ್ಮವೂ ಇಲ್ಲ. ಒಂದೇ ಮನೆಯಲ್ಲಿ, ಮುಚ್ಚಿದ ಬಾಗಿಲಿನ ಆಚೆ ಈಚೆ ಇದ್ದು ನೀವು ಹೇಗೆ ದಿನ ತಳ್ಳುತ್ತೀರೋ, ನೆನೆದರೆ ನಿಮ್ಮ ಬಗ್ಗೆ ನನಗೆ ದೊಡ್ಡ ಗೌರವ. ನನ್ನದೊಂದೇ ಕೋರಿಕೆ. ಆ ತಗಡನ್ನು ನೀವು ಕಿತ್ತುಹಾಕಬೇಡಿ. ಹಾಕಿದವನೇ ತೆಗೆಯಲಿ. ಊರಿನವರನ್ನೆಲ್ಲ ‘ಯಾರೂ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ ಹುಡುಗ, ನಿಮ್ಮೊಬ್ಬರನ್ನು ಮಾತ್ರ ಬೇರೆಯಾಗಿ ನೆನೆದು ಬರೆದಿದ್ದಾನೆ, ಅದನ್ನು ಮರೆಯಬೇಡಿ.

ಆ ಡಬ್ಬಿಯಲ್ಲಿ ತಗಡಿನ ಜೊತೆ ಇನ್ನೂ ಏನೋ ಇತ್ತೆಂದು ನಾನು ಹೇಳಲಿಲ್ಲ. ಹಳೆಯ ಸೀರೆಯ ಚೂರೊಂದರಲ್ಲಿ ನಾಲ್ಕು ತಿರುಪುಮೊಳೆಗಳಿದ್ದವು. ಒಂದೂ ಸೊಟ್ಟಗಾಗಿಲ್ಲ. ಯಾರೋ ಸಾವಕಾಶವಾಗಿ, ಒಂದೊಂದಾಗಿ ಬಿಚ್ಚಿ ತೆಗೆದಿದ್ದಾರೆ. ಇನ್ಯಾರೋ ಅವನ್ನು ಸೆರಗಿನ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ. ನಿಮಗೆ ಆ ದಿನ ಇನ್ನೂ ಬಂದಿಲ್ಲ. ನಾನು ಮಾತ್ರ ಆ ಮೊಳೆಗಳನ್ನು ಕೈಯಲ್ಲಿ ಹಿಡಿದು ಬರೆಯುತ್ತಿದ್ದೇನೆ.

ಡಬ್ಬಿಯೊಂದನ್ನು ತೊಳೆದು ಒಣಗಿಸಿಡಿ.

ಫಕೀರವ್ವ